ತಕ್ಕಡಿ ಪಾಸು ಮಾಡಿದ ಬ್ರೇಕು

"ಒತ್ತು."

"ಒತ್ತಿದೀನಿ ಅಮ್ಮ."

"ಪೂರ್ತಿ ಒತ್ತು. ಹೆಂಡತಿ ಎದುರು ದನಿ ಎತ್ತಿದ ಹಾಗೆ ಅರ್ಧಕ್ಕೇ ನಿಲ್ಲಿಸ್ಬೇಡ."

"ಪೂರ್ತಿನೇ ಒತ್ತಿದೀನಿ. ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿದೆ."

ಆದರೂ ಚಕ್ರ ತಿರುಗುತ್ತಲೇ ಇತ್ತು.

ವಿಮೆಯವರ ಸರ್ವೇಯರಮ್ಮ ಕುಕ್ಕುರುಗಾಲಿನಲ್ಲಿ ಕೂತು ಅದನ್ನೇ ನೋಡಿದಳು. ನೆಲದಲ್ಲಿ ಹೂತ ಜೋಡಿ ಉರುಳೆಗಳ ಮೇಲೆ ಆ ಪುಟ್ಟ ಬಿಳಿ ಗಾಡಿಯ ಹಿಂದಿನ ಎಡಚಕ್ರ ಕೂತಿತ್ತು. ಉರುಳೆಯನ್ನು ತಿರುಗಿಸುವುದು ಪರೀಕ್ಷಾ ಕೇಂದ್ರದ ಮೋಟಾರು, ಚಕ್ರವನ್ನು ಹಿಡಿದು ನಿಲ್ಲಿಸಬೇಕಾದದ್ದು ಗಾಡಿಯ ಬ್ರೇಕು. ಹಿಡಿದರೆ ಗೋಡೆಯ ಮೇಲಿನ ಯಂತ್ರದ ಮುಳ್ಳು ಏಳಬೇಕು. ಮುಳ್ಳು ಬಿಸಿಲಿಗೆ ಮಲಗಿದ ಹಾವಿನಂತೆ ಒಮ್ಮೆ ಮಿಸುಕಿ ಮತ್ತೆ ಮಲಗಿಬಿಟ್ಟಿತು.

ಗಾಡಿ ಸತ್ತಿತ್ತು. ಮೂತಿ ಒಳಕ್ಕೆ ಹೋಗಿತ್ತು. ಪಕ್ಕದ ಗಾಜು ಇರಲಿಲ್ಲ. ಸೀಟಿನ ಮೇಲೆ ಹೊಂಡದ ಜೊಂಡು ಒಣಗಿ ಕೂದಲಿನ ಹಾಗೆ ಅಂಟಿಕೊಂಡಿತ್ತು. ಹಾಗಿದ್ದೂ ಚಕ್ರ ಒಂದು ಮಾತ್ರ ಸದ್ದಿಲ್ಲದೆ, ಎಲ್ಲಿಗೋ ಹೊರಟಂತೆ ಸುತ್ತುತ್ತಿತ್ತು. ವಾರದ ರಜೆಯ ಮಧ್ಯಾಹ್ನ. ತಗಡಿನ ಸೂರಿನ ಕೆಳಗೆ ಅವರಿಬ್ಬರನ್ನು ಬಿಟ್ಟು ನರಪಿಳ್ಳೆಯೂ ಇರಲಿಲ್ಲ.

"ಸಾಕು, ನಿಲ್ಸು."

ತಕ್ಕಡಿ ಗಾಡಿಯಿಂದಿಳಿದ. ಊರಿಗೆಲ್ಲ ಅವನು ತಕ್ಕಡಿಯಣ್ಣ. ಗಾಡಿಗಳು ರಸ್ತೆಗೆ ಯೋಗ್ಯವೋ ಅಲ್ಲವೋ ಎಂದು ಪರೀಕ್ಷಿಸುವುದರಲ್ಲಿ ಅವನು ಅಪ್ಪನ ಗಾಡಿ, ಶತ್ರುವಿನ ಗಾಡಿ ಎಂದು ನೋಡಿದವನಲ್ಲ. ಈಗ ಕೆಲಸದಿಂದ ತಾತ್ಕಾಲಿಕವಾಗಿ ದೂರ ಇಟ್ಟಿದ್ದರು. ಆದರೂ ಅದೇ ಖಾಕಿ ಅಂಗಿಯನ್ನು ಇಸ್ತ್ರಿ ಮಾಡಿ ತೊಟ್ಟು ಬಂದಿದ್ದ. ಎದೆಯ ಮೇಲಿನ ಬಿಲ್ಲೆ ಇರಲಿಲ್ಲ. ಅದಿದ್ದ ಜಾಗದಲ್ಲಿ ಎರಡು ತೂತು ಉಳಿದಿದ್ದವು.

ಆರೋಗ್ಯ ಕೇಂದ್ರದ ನರ್ಸಕ್ಕನ ಗಾಡಿ ಗುಡ್ಡದ ಇಳಿಜಾರಿನಿಂದ ಹಳೆಯ ಕಲ್ಲುಗಣಿಯ ಹೊಂಡಕ್ಕೆ ಬಿದ್ದು ಅವಳು ಸತ್ತದ್ದು ಹೋದ ವಾರ. ಅದರ ಹಿಂದಿನ ದಿನವಷ್ಟೇ ಆ ಗಾಡಿಯನ್ನು ತಕ್ಕಡಿ ಪಾಸು ಮಾಡಿದ್ದ. ಅವಳ ಗಂಡ, ಗಡಿಯಾರ ರಿಪೇರಿಯವನು, ಹೆಂಡತಿಯನ್ನು ಮುಗಿಸಲೆಂದೇ ತಕ್ಕಡಿಯ ಕೈ ಬೆಚ್ಚಗೆ ಮಾಡಿ ಕೊಳೆತ ಬ್ರೇಕನ್ನು ಪಾಸು ಮಾಡಿಸಿದ ಎಂಬುದು ಪೊಲೀಸರ ಮಾತು. ನಿಜ ಏನೆಂದು ತಿಳಿಯಲು ವಿಮೆಯವರು ಸರ್ವೇಯರಮ್ಮನನ್ನು ಕಳಿಸಿದ್ದರು.

"ನಾಳೆ ಬೆಳಿಗ್ಗೆ ಠಾಣೆಗೆ ಬಾ ಅಂದಿದಾರೆ," ಎಂದ ತಕ್ಕಡಿ. "ಬರ್ತಾ ಎರಡು ಜೊತೆ ಬಟ್ಟೆ ತಗೊಂಡು ಬಾ ಅಂದ್ರು. ಮನೇಲಿ ಅವಳು ಆಗಲೇ ಮಡಚಿಟ್ಟಿದಾಳೆ."

"ಈ ಬ್ರೇಕನ್ನ ನೀನು ಪಾಸ್ ಮಾಡಿದೀಯ."

"ಈ ಬ್ರೇಕನ್ನಲ್ಲ ಅಮ್ಮ. ನಾನು ಪಾಸ್ ಮಾಡಿದ ದಿನ ಬ್ರೇಕಿನ ತಟ್ಟೆಗಳು ಹೊಳೀತಿದ್ವು. ಮುಖ ನೋಡ್ಕೊಂಡು ಕ್ಷೌರ ಮಾಡ್ಕೋಬಹುದಿತ್ತು. ಮುಳ್ಳು ಸಿಪಾಯಿ ಥರ ಎದ್ದು ನಿಂತಿತ್ತು."

"ನಂಬರ್ ಇದೇನಾ?"

"ಇದೇ ನಂಬರ್."

"ಹಾಗಾದ್ರೆ ಒಂದು ನಿನ್ನ ಕಣ್ಣು ಸುಳ್ಳು, ಇಲ್ಲ ಈ ತಟ್ಟೆ ಸುಳ್ಳು."

"ನನ್ನ ಮಾತನ್ನ ನೀವೂ ನಂಬಲ್ಲ ಅನ್ನಿ."

"ನಂಬೋದು ಬಿಡೋದು ನನ್ನ ಕೆಲಸ ಅಲ್ಲ ಕಣಪ್ಪ. ದೀಪ ಹಿಡಿ."

ಅವನು ದೀಪ ಹಿಡಿದ. ಸರ್ವೇಯರಮ್ಮ ಚಕ್ರದ ಕಡ್ಡಿಗಳ ನಡುವೆ ಕಣ್ಣಿಟ್ಟಳು. ಅವಳ ಅಪ್ಪ ಸಂತೆಯಲ್ಲಿ ಎತ್ತು ಕೊಳ್ಳುವಾಗ ಎಲ್ಲರಂತೆ ಹಲ್ಲು ನೋಡುತ್ತಿರಲಿಲ್ಲ. ಗೊರಸನ್ನು ಎತ್ತಿ ಅಡಿಭಾಗ ನೋಡುತ್ತಿದ್ದ. ಬಾಯಿ ಮಾರುವವನ ಮಾತು ಕೇಳುತ್ತೆ, ಗೊರಸು ನಡೆದ ದಾರಿಯ ಮಾತನ್ನಷ್ಟೇ ಹೇಳುತ್ತೆ ಎನ್ನುತ್ತಿದ್ದ.

ತಟ್ಟೆಯ ಮೇಲೆ ಎರಡು ಬಗೆಯ ತುಕ್ಕಿತ್ತು. ಅಂಚಿನಲ್ಲಿ ಕಿತ್ತಳೆ ಬಣ್ಣದ್ದು, ಹೊಂಡದ ನೀರಿನಲ್ಲಿ ಮೊನ್ನೆ ಹಿಡಿದದ್ದು, ಬೆರಳಿಗೇ ಬಂತು. ನಡುವಿನದು ಕಪ್ಪಗೆ, ಪದರು ಪದರಾಗಿ, ಅಟ್ಟದಲ್ಲಿ ಮರೆತ ಕುಡುಗೋಲಿನ ತುಕ್ಕಿನ ಹಾಗೆ ಗುಳಿಬಿದ್ದು ಕೂತಿತ್ತು. ಅದು ಒಂದು ವಾರದ್ದಲ್ಲ, ತಿಂಗಳುಗಟ್ಟಲೆ ಬೆಳೆದದ್ದು.

ಅವಳು ಲೋಟದಿಂದ ನಾಲ್ಕು ಹನಿ ನೀರು ಚಿಮುಕಿಸಿದಳು. ಹನಿಗಳು ಕೆಸುವಿನೆಲೆಯ ಮೇಲಿನಂತೆ ಗುಂಡಗೆ ನಿಂತವು. ಯಾವುದೂ ಒಳಗಿಳಿಯಲಿಲ್ಲ.

"ಹೊಂಡದ ತಳದಲ್ಲಿ ಬಿದ್ದಿದ್ದ ತಟ್ಟೆ ಇದು," ಎಂದಳು. "ಇನ್ನೂ ಇದರ ನಡುವಿಗೆ ನೀರು ತಾಗಿಲ್ಲ."

ತಕ್ಕಡಿ ದೀಪವನ್ನು ಇನ್ನೂ ಹತ್ತಿರ ತಂದ.

ಅವಳು ಬಿಳಿ ಬಟ್ಟೆಯ ತುದಿಯಿಂದ ಗುಳಿಯೊಂದನ್ನು ಒರೆಸಿ ಮೂಗಿಗೆ ಹಿಡಿದಳು. ಜಿಡ್ಡು. ಗ್ಯಾರೇಜಿನ ಗ್ರೀಸಿನ ಘಾಟಲ್ಲ. ಸಣ್ಣವಳಿದ್ದಾಗ ಒಲೆಯ ಕೆಂಡ ಮೆಟ್ಟಿ ಅಂಗಾಲು ಸುಟ್ಟುಕೊಂಡಿದ್ದಳು. ಆಗ ಯಾರೋ ತಣ್ಣಗಿನ ಕೈಯವರು ಹಚ್ಚಿದ ಮುಲಾಮಿನ ವಾಸನೆ ಇದು.

"ಸುಟ್ಟ ಗಾಯದ ಮುಲಾಮು. ನಾಲ್ಕೂ ಚಕ್ರಕ್ಕೆ ಬಳಿದಿದಾರೆ. ಉಳಿದ ಮೂರನ್ನ ಬೆಳಿಗ್ಗೇನೇ ನೋಡಿ ಪ್ಲಾಸ್ಟಿಕ್ ಸುತ್ತಿಟ್ಟಿದೀನಿ."

"ಹಾಗಾದ್ರೆ ಬೇಕಂತಲೇ..." ತಕ್ಕಡಿ ಅಲ್ಲೇ ಹಳೆಯ ಟೈರಿನ ಮೇಲೆ ಕೂತ.

"ಬ್ರೇಕಿಗೆ ಜಿಡ್ಡು ಹಚ್ಚಿದ ಗಾಡೀನ ಅವಳು ಅಷ್ಟು ದೂರ ಹೇಗಪ್ಪ ಓಡಿಸಿದ್ಲು? ಊರಿನ ಸಂದಿಗೊಂದಿ ದಾಟಿ ಗುಡ್ಡದ ತನಕ?"

"ಅವರು ಬ್ರೇಕ್ ಮುಟ್ತಾನೇ ಇರ್ಲಿಲ್ಲ ಅಮ್ಮ. ಎಲೆಕ್ಟ್ರಿಕ್ ಗಾಡೀಲಿ ಕಾಲು ತೆಗೆದ್ರೆ ಸಾಕು, ಮೋಟಾರೇ ಚಕ್ರವನ್ನ ಹಿಡಿಯುತ್ತೆ. ಪಳಗಿದ ಎತ್ತು ಹಗ್ಗ ಸಡಿಲ ಬಿಟ್ಟ ತಕ್ಷಣ ತಾನೇ ನಿಲ್ಲಲ್ವಾ, ಹಾಗೆ. ಬ್ರೇಕ್ ಒತ್ತೋದು ಎತ್ತಿಗೆ ಹೊಡೆದ ಹಾಗೆ ಅಂತಿದ್ರು ಅಕ್ಕ. ಅದಕ್ಕೇ ತುಕ್ಕು. ಈ ಗಾಡಿಗಳು ಟೆಸ್ಟಲ್ಲಿ ಫೇಲಾಗೋದೇ ಇದಕ್ಕೆ. ಬಳಸದೇ ಕೆಡೋ ಬ್ರೇಕು."

ಸರ್ವೇಯರಮ್ಮ ಕತ್ತು ಒತ್ತಿಕೊಂಡಳು. ಈ ವಾರವೆಲ್ಲ ಅವಳಿಗೆ ಕತ್ತು ನೋವು. ಆರೋಗ್ಯ ಕೇಂದ್ರದವರು ಅವಳ ಓಡಾಟಕ್ಕೆ ಕಿರಿಯ ನರ್ಸನ್ನು ಗಾಡಿಸಮೇತ ಕೊಟ್ಟಿದ್ದರು. ಸತ್ತವಳು ಊರಿಗೆಲ್ಲ ನರ್ಸಕ್ಕ, ಈ ಹುಡುಗಿ ಊರಿಗೆಲ್ಲ ತಂಗಿ. ಒಡಹುಟ್ಟಿದವರಲ್ಲದಿದ್ದರೂ ಜೊತೆ ಬಿಟ್ಟವರಲ್ಲ. ಪಾಪ, ಅಕ್ಕನ ಹೆಸರೆತ್ತಿದರೆ ಅಳುತ್ತಿದ್ದಳು. ಆದರೆ ತಿರುವಿಗೊಮ್ಮೆ ಬ್ರೇಕ್ ಮೆಟ್ಟುವ ರಭಸಕ್ಕೆ ಪಕ್ಕದಲ್ಲಿ ಕೂತವರ ತಲೆ ಹುಂಜದ ತಲೆಯಂತೆ ಮುಂದಕ್ಕೆ ಹಿಂದಕ್ಕೆ.

"ಸರಿ. ಬ್ರೇಕ್ ಮುಟ್ಟದವಳು ಅವತ್ತು ಯಾಕೆ ಮುಟ್ಟಿದ್ಲು?"

ಸರ್ವೇಯರಮ್ಮ ಗಾಡಿಯೊಳಕ್ಕೆ ಕೈ ತೋರಿಸಿದಳು.

"ಗೇರಿನ ಗುಂಡಿ ನ್ಯೂಟ್ರಲ್‌ನಲ್ಲಿತ್ತು. ಬಿದ್ದ ಹೊಡೆತಕ್ಕೆ ಕೈ ತಾಗಿ ತಿರುಗಿರ್ಬೇಕು ಅಂತಾರೆ ಪೊಲೀಸರು. ನಾನು ತಿರುಗಿಸಿ ನೋಡಿದೆ. ಒತ್ತಿ ಹಿಡಿದು ತಿರುಗಿಸದೆ ಅದು ಜಗ್ಗಲ್ಲ. ಅವಳೇ ಹಾಕಿದಾಳೆ. ಇಳಿಜಾರಲ್ಲಿ ಯಾರಪ್ಪ ನ್ಯೂಟ್ರಲ್ ಹಾಕ್ತಾರೆ?"

ಅವನ ಮುಖ ಸುಣ್ಣವಾಯಿತು.

"ನಾನು ಹೇಳಿದ ಹಾಗೆ ಮಾಡೋರು ಹಾಕ್ತಾರೆ."

"ಏನು ಹೇಳಿದ್ದೆ?"

"ಎಲ್ಲರಿಗೂ ಹೇಳ್ತೀನಿ ಅಮ್ಮ. ಟೆಸ್ಟಿಗೆ ತರೋ ಮುಂಚೆ ಒಂದು ಇಳಿಜಾರಿಗೆ ಹೋಗಿ ನ್ಯೂಟ್ರಲ್ ಹಾಕಿ. ಆಗ ಮೋಟಾರು ಹಿಡಿಯಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತೆ. ನಾಲ್ಕು ಸಲ ಗಟ್ಟಿಯಾಗಿ ಒತ್ತಿ, ತುಕ್ಕು ಉದುರುತ್ತೆ, ಪಾಸಾಗುತ್ತೆ ಅಂತ. ಬಡವರು, ಸುಮ್ನೆ ಫೇಲಾಗಿ ಹೋಗೋದು ಯಾಕೆ ಅಂತ. ನರ್ಸಕ್ಕ ಪ್ರತಿ ವರ್ಷ ಆ ಗುಡ್ಡಕ್ಕೇ ಹೋಗ್ತಿದ್ರು. ನನ್ನ ಮಾತು ಕೇಳಿ... ನಾನೇ ಅವರನ್ನ..."

"ಅಳೋಕೆ ಆಮೇಲೆ ಬೇಕಾದಷ್ಟು ಹೊತ್ತಿದೆ. ಈಗ ನಾನು ಕೇಳೋದನ್ನ ಕೇಳು. ಟೆಸ್ಟಿಗೆ ಮುಂಚೆ ತಾನೇ ತುಕ್ಕು ಉದುರಿಸೋದು?"

"ಹೌದು."

"ನೀನು ಪಾಸ್ ಮಾಡಿದ್ದು ಹಿಂದಿನ ದಿನ. ಪಾಸಾದ ಗಾಡಿ ತಗೊಂಡು ಯಾಕೆ ಗುಡ್ಡ ಹತ್ತಿದ್ಲು?"

ಬಿಸಿಲಿಗೆ ಕಾದ ತಗಡು ಮೇಲೆಲ್ಲೋ ಟಣ್ಣೆಂದಿತು. ಇಬ್ಬರೂ ಒಟ್ಟಿಗೆ ತಲೆಯೆತ್ತಿ ನೋಡಿ, ಒಟ್ಟಿಗೆ ತಗ್ಗಿಸಿದರು.

"ಪಾಸಾಗಿದೆ ಅಂತ ಅವರಿಗೇ ಗೊತ್ತಿರ್ಲಿಲ್ಲ," ಎಂದ ತಕ್ಕಡಿ, ತನ್ನ ದನಿ ತನಗೇ ಬೇರೆಯವರದೆನ್ನಿಸಿದಂತೆ.

"ಮುಂಗಾಜು ನೋಡು. ಹಳೇ ವರ್ಷದ ಪಾಸಿನ ಚೀಟಿ ಹಾಗೇ ಇದೆ. ನೀನು ಕೊಟ್ಟ ಹೊಸದು ಎಲ್ಲಿ? ಯಾರದೋ ಕೈಗೆ ಕೊಟ್ಟೆಯಲ್ಲ, ಆ ಕೈ ಯಾರದು?"

"ನರ್ಸಕ್ಕ..."

"ಮುಖ ನೋಡಿದ್ಯಾ?"

ಇಲ್ಲಿ ತಕ್ಕಡಿ ಹಣೆಗೆ ಕೈಯೊತ್ತಿಕೊಂಡ. ಅವನ ಪದ್ಧತಿ ಊರಿಗೇ ಗೊತ್ತಿತ್ತು. ಗಾಡಿ ಬಂದರೆ ಅವನು ಅದರಡಿಯ ಪರೀಕ್ಷೆಯ ಗುಂಡಿಯೊಳಗೆ ಇಳಿದುಬಿಡುತ್ತಿದ್ದ. ಓಡಿಸುವವರು ಮೇಲೆ ಕೂತು, ಅವನು ಕೆಳಗಿನಿಂದ ಕೂಗಿದಂತೆ ಒತ್ತಬೇಕು, ಬಿಡಬೇಕು. ಬಂದವರು ಭಾವನೋ, ಸಾಹುಕಾರನೋ, ಕಣ್ಣೀರಿಡುವ ಮುದುಕಿಯೋ, ನೋಡಿದರೆ ತೂಕ ವಾಲುತ್ತದೆ ಎಂದು ಅವನು ಮುಖ ನೋಡುತ್ತಲೇ ಇರಲಿಲ್ಲ. ಆ ಹೆಸರು ಅವನಿಗೆ ಅದರಿಂದಲೇ ಬಂದದ್ದು.

"ನಂಬರ್ ನೋಡ್ದೆ. ಕೊನೆಗೆ ಕಿಟಕಿಯಿಂದ ಕೈ ಬಂತು. ಬಿಳಿ ತೋಳು. ಚೀಟಿ ಕೊಟ್ಟೆ."

"ದನಿ?"

"ಹೆಂಗಸಿನದೇ. ಮಾಸ್ಕ್ ಹಾಕಿದ ಹಾಗಿತ್ತು, ಒಳಗಿಂದ ಬಂದ ಹಾಗೆ. 'ಬರ್ತೀನಿ ಅಣ್ಣ' ಅಂದ್ರು."

"ನರ್ಸಕ್ಕ ನಿನ್ನನ್ನ ಅಣ್ಣ ಅಂತಿದ್ಲಾ?"

ತಕ್ಕಡಿ ತಟ್ಟನೆ ತಲೆಯೆತ್ತಿದ. ಅವನ ಮಗಳನ್ನು ಈ ಲೋಕಕ್ಕೆ ಎತ್ತಿಕೊಂಡವಳು ನರ್ಸಕ್ಕ. ಅವನಿಗಿಂತ ಎಷ್ಟೋ ದೊಡ್ಡವಳು.

"ಏನೋ ತಕ್ಕಡಿ ಅಂತಿದ್ರು," ಎಂದ. "ಯಾವಾಗಲೂ. ಏನೋ ತಕ್ಕಡಿ, ಊಟ ಆಯ್ತೇನೋ. ಒಂದು ದಿನಾನೂ ಅಣ್ಣ ಅಂದೋರಲ್ಲ."

"ನಿನ್ನ ಕಿವಿ ಅವತ್ತೇ ಕೇಳಿಸ್ಕೊಂಡಿತ್ತು. ನೀನು ಕೇಳಿಸ್ಕೊಳ್ಳಲಿಲ್ಲ."

"ನಂಬರ್ ಪಲಕ ಬಿಚ್ಚಿ ಬೇರೆ ಗಾಡಿಗೆ ಹಾಕ್ಕೊಂಡು ಬಂದ್ರಾ? ಯಾಕೆ ಅಮ್ಮ? ಕೊಲ್ಲೋರಿಗೆ ಪಾಸು ಫೇಲು ಕಟ್ಕೊಂಡು ಏನಾಗ್ಬೇಕು?"

"ಗಾಡಿ ನಿನ್ನೆ ತಾನೇ ಪಾಸಾಗಿದೆ ಅಂದ್ರೆ ಬ್ರೇಕನ್ನ ಯಾರು ಬಿಚ್ಚಿ ನೋಡ್ತಾರೆ? ಅದೂ ತಕ್ಕಡಿ ಪಾಸು ಮಾಡಿದ್ದು. ಪಾಪ, ಅವಳ ಕಾಲೇ ತಪ್ಪಿರ್ಬೇಕು ಅಂತ ಮಣ್ಣು ಮಾಡಿ ಕೈ ತೊಳ್ಕೋತಿದ್ರು. ನಿನ್ನ ನಿಯತ್ತನ್ನೇ ಹೊದಿಕೆ ಮಾಡ್ಕೊಂಡಿದಾರೆ. ಯಾರಾದ್ರೂ ಚಕ್ರ ಬಿಚ್ಚಿ ಈ ತುಕ್ಕು ನೋಡ್ತಾರೆ ಅನ್ನೋದು ಅವರ ಲೆಕ್ಕದಲ್ಲಿರ್ಲಿಲ್ಲ."

ಅವನು ಎದ್ದು ನಿಂತ. ಬೆನ್ನು ಈ ವಾರದಲ್ಲಿ ಮೊದಲ ಸಲ ನೆಟ್ಟಗಾಗಿತ್ತು. ಆದರೆ ಮರುಕ್ಷಣವೇ ಬಾಗಿತು.

"ಇದನ್ನ ಠಾಣೇಲಿ ಯಾರು ನಂಬ್ತಾರೆ? ಎರಡು ಗಾಡಿ ಇತ್ತು ಅನ್ನೋಕೆ ನನ್ನ ಬಾಯಿಮಾತು ಒಂದೇ. ಬಾಯಿಮಾತಿಗೆ ಅಜ್ಜಿಯ ಕತೆಯಷ್ಟೇ ಬೆಲೆ."

ಅಜ್ಜಿಯ ಕತೆ ಊರಿಡೀ ಹರಡಿತ್ತು. ಗುಡ್ಡದ ಬುಡದಲ್ಲಿ ಮೇಕೆ ಕಾಯುವ ಮುದುಕಿ ಗಾಡಿ ಹೊಂಡಕ್ಕೆ ಬಿದ್ದದ್ದನ್ನು ಕಂಡಿದ್ದಳು. ತಲೆಯೆತ್ತಿ ನೋಡಿದರೆ ಅದೇ ಬಿಳಿ ಗಾಡಿ, ಅದೇ ನೀಲಿ ಪಟ್ಟಿ, ದಿಬ್ಬದ ಮೇಲೆ ನಿಂತು ಕೆಳಗೆ ನೋಡುತ್ತಿತ್ತಂತೆ. ಆಮೇಲೆ ಹಲ್ಲಿಯಂತೆ ಲೊಚಗುಟ್ಟಿ, ತಿರುಗಿಕೊಂಡು, ಸದ್ದಿಲ್ಲದೆ ಹೋಯಿತಂತೆ. ಸತ್ತ ಗಾಡಿ ತನ್ನ ಹೆಣವನ್ನು ತಾನೇ ನೋಡಿತು ಎಂದು ಜನ ಆ ದಾರಿಯಲ್ಲಿ ಸಂಜೆ ಓಡಾಡುವುದನ್ನೇ ಬಿಟ್ಟಿದ್ದರು. ಆರೋಗ್ಯ ಕೇಂದ್ರದ ಗಾಡಿಗಳೆಲ್ಲ ಒಂದೇ ಅಚ್ಚಿನ ಇಟ್ಟಿಗೆಗಳು, ಯಾರೋ ನೋಡಿಯೂ ನೋಡದಂತೆ ಹೋಗಿರಬೇಕು ಎಂದಷ್ಟೇ ಸರ್ವೇಯರಮ್ಮ ಅಂದುಕೊಂಡಿದ್ದಳು.

"ಮುಖ ನೋಡಲ್ಲ ನೀನು, ಚಕ್ರ ನೋಡ್ತೀಯ. ಸರಿ, ಆ ಗಾಡಿಯ ಚಕ್ರ ನೆನಪು ಮಾಡ್ಕೋ. ಹೊಳೆಯೋ ತಟ್ಟೆ ಒಂದು. ಇನ್ನೇನಿತ್ತು?"

ತಕ್ಕಡಿ ಕಣ್ಣು ಮುಚ್ಚಿದ. ಗುಂಡಿಯೊಳಗೆ ನಿಂತವನಂತೆ ಕತ್ತು ಮೇಲೆತ್ತಿದ.

"ಮುಂದಿನ ಎಡಚಕ್ರದ ಕೆಳಗೆ ಒಂದು ಕೀಲು. ಸ್ವಲ್ಪ ಸಡಿಲ. ಫೇಲ್ ಮಾಡೋವಷ್ಟಲ್ಲ. ಸ್ಟೀರಿಂಗನ್ನ ಎಡಕ್ಕೆ ಪೂರ್ತಿ ಎಳೆದ್ರೆ ಲೊಚ್ ಲೊಚ್ ಅನ್ನೋದು. ಬೇಗ ಬದಲಾಯಿಸಿ ಅಂತ ಕೆಳಗಿಂದಲೇ ಕೂಗಿದ್ದೆ."

ಅವನು ಸರಳು ಎತ್ತಿಕೊಂಡು ಸತ್ತ ಗಾಡಿಯ ಮುಂದಿನ ಎಡಚಕ್ರದ ಕೆಳಗೆ ನುಗ್ಗಿಸಿದ. ಮೂತಿಯ ಬಲಗಡೆ ಮಾತ್ರ ಜಜ್ಜಿತ್ತು, ಎಡಗಡೆ ಗಟ್ಟಿಯಿತ್ತು. ಸರಳನ್ನು ಮೇಲಕ್ಕೆ ಮೀಟಿದ. ಕೀಲು ಅಲುಗಲಿಲ್ಲ. ಮತ್ತೆ ಮೀಟಿದ. ಬಂಡೆಯ ಹಾಗಿತ್ತು.

"ಇದಲ್ಲ," ಎಂದ. "ಅಮ್ಮ, ಇದಲ್ಲ ಅದು."

"ಅಜ್ಜಿ ಕೇಳಿದ ಹಲ್ಲಿ ಈಗ ಸಿಕ್ತು ನೋಡು."

"ಆ ಗಾಡಿ ಇನ್ನೂ ಊರಲ್ಲಿದೆ."

"ಇದೆ. ತಟ್ಟೆ ಹೊಳೆಯೋ ಹಾಗೆ ದಿನಾ ಬ್ರೇಕ್ ಮೆಟ್ಟಿ ಓಡಿಸೋರ ಗಾಡಿ..."

ಮಾತು ಅಲ್ಲೇ ನಿಂತಿತು. ಅವಳ ಕೈ ತಾನಾಗಿ ಕತ್ತಿನ ಮೇಲೆ ಹೋಗಿತ್ತು. ನೋವಿನ ಜಾಗವನ್ನು ಬೆರಳು ಹುಡುಕಿಕೊಂಡು ಅಲ್ಲೇ ತಣ್ಣಗಾಯಿತು.

ಹೊರಗೆ ಜಲ್ಲಿಯ ಮೇಲೆ ಚಕ್ರ ಬಂದ ಸದ್ದಾಯಿತು. ಎಂಜಿನ್ನಿನ ಸದ್ದಿಲ್ಲ, ಜಲ್ಲಿ ನುರಿಯುವುದಷ್ಟೇ. ತೆರೆದ ಬಾಗಿಲಿನಾಚೆ ಅಂಗಳದಲ್ಲಿ ಬಿಳಿ ಗಾಡಿಯೊಂದು ಬಂದು, ಹೊರಡಲು ಅನುಕೂಲವಾಗಲೆಂದು ಎಡಕ್ಕೆ ಪೂರ್ತಿ ತಿರುಗಿಸಿ ನಿಂತಿತು.

ಲೊಚ್. ಲೊಚ್.

ತಕ್ಕಡಿಯ ಕೈಯ ಸರಳು ನೆಲಕ್ಕೆ ಬೀಳುವುದರಲ್ಲಿತ್ತು. ಸರ್ವೇಯರಮ್ಮ ಹಿಡಿದುಕೊಂಡಳು. ಅವನು ಅವಳ ಮುಖ ನೋಡಿ ತಲೆಯಾಡಿಸಿದ. ಆಡಿಸುವುದೇನೂ ಬೇಕಿರಲಿಲ್ಲ. ಆ ಸದ್ದನ್ನು ಅವಳು ದಿನವೂ ಕೇಳಿದ್ದಳು. ಗಾಡಿಯೊಳಗೆ ಹಲ್ಲಿ ಸೇರಿದೆ ಎಂದು ತಂಗಿ ನಕ್ಕಿದ್ದಳು, ಇವಳೂ ನಕ್ಕಿದ್ದಳು.

"ಅಮ್ಮಾ, ಹೊರಡೋಣ್ವಾ?" ಬಾಗಿಲಲ್ಲಿ ತಂಗಿ ನಿಂತಿದ್ದಳು. ಬಿಳಿ ಕೋಟು, ಎಳೆಯ ಮುಖ, ಅತ್ತು ಅತ್ತು ಊದಿದ ಕಣ್ಣು. "ಆಯ್ತಾ ಕೆಲಸ? ಏನಾದ್ರೂ ಗೊತ್ತಾಯ್ತಾ?"

"ನೀರಲ್ಲಿ ಬಿದ್ದ ಗಾಡೀಲಿ ಏನಮ್ಮ ಗೊತ್ತಾಗುತ್ತೆ. ತುಕ್ಕು ಹಿಡಿದು ಕೂತಿದೆ. ನಡಿ, ಬಂದೆ."

ತಂಗಿ ಅವಳ ಕೈಯ ಸರಳನ್ನೊಮ್ಮೆ ನೋಡಿ ಗಾಡಿಯತ್ತ ಹೋದಳು. ತಕ್ಕಡಿ ಪಿಸುಗುಟ್ಟಿದ. "ಹತ್ತಬೇಡಿ ಅಮ್ಮ. ನಿಮ್ಮ ದಮ್ಮಯ್ಯ."

"ಹತ್ತದಿದ್ರೆ ಅವಳಿಗೆ ಗೊತ್ತಾಗುತ್ತೆ. ರಾತ್ರಿ ಕಳೆಯೋದ್ರೊಳಗೆ ಆ ಕೀಲು ಬದಲಾಗುತ್ತೆ, ಮುಲಾಮಿನ ಡಬ್ಬ ಹೊಳೆ ಪಾಲಾಗುತ್ತೆ. ನೀನು ನಾಳೆ ಬಟ್ಟೆ ಗಂಟು ಹೊತ್ಕೊಂಡು ಒಳಗೆ ಹೋಗ್ತೀಯ. ಪೇಟೆ ದಾರಿ, ತುಂಬಾ ಜನ, ನಂಗೇನಾಗುತ್ತೆ? ನಾವು ಮರೆಯಾದ ತಕ್ಷಣ ಠಾಣೆಗೆ ಫೋನ್ ಮಾಡು. ಈ ಚಕ್ರಗಳನ್ನ ಯಾರಿಗೂ ಮುಟ್ಟೋಕೆ ಬಿಡಬೇಡ."

ಗಾಡಿಯೊಳಗೆ ತಂಪಿತ್ತು. ಬಾಗಿಲು ಮುಚ್ಚಿದ ಮೇಲೆ ಅವಳಿಗೆ ಆ ವಾಸನೆ ಬಂತು. ತಂಗಿ ಒಡೆದ ಅಂಗೈಗೆ ಏನೋ ತಿಕ್ಕಿಕೊಳ್ಳುತ್ತಿದ್ದಳು.

"ಎಷ್ಟು ಸಲ ಕೈ ತೊಳೀಬೇಕು ಅಂದ್ರೆ, ಚರ್ಮವೇ ಸುಲಿದುಹೋಗುತ್ತೆ," ಎಂದಳು. ಡಬ್ಬದ ಮುಚ್ಚಳ ಹಾಕಿ ಪಕ್ಕಕ್ಕಿಟ್ಟು ಗಾಡಿ ಹೊರಡಿಸಿದಳು. "ಅಕ್ಕ ಬೈಯೋಳು. ಕೇಂದ್ರದ ಔಷಧಿ ಮನೆಗೆ ಒಯ್ಯಬೇಡ್ವೇ ಅಂತ. ಕೊನೆಕೊನೆಗೆ ಔಷಧಿ ಕೋಣೆ ಬೀಗ ಕೂಡ ಬದಲಾಯಿಸಿಬಿಟ್ಲು. ನನಗೂ ಬೀಗದಕೈ ಕೊಡ್ಲಿಲ್ಲ."

"ಹೌದಾ?"

"ಹೂಂ. ತಂಗಿ ತಂಗಿ ಅಂತ ಬಾಯ್ತುಂಬಾ ಕರೆದು."

ಪೇಟೆಯ ಕೂಡುರಸ್ತೆ ಬಂತು. ಗಾಡಿ ಪೇಟೆಯ ಕಡೆ ಹೊರಳಲಿಲ್ಲ. ಸ್ಟೀರಿಂಗ್ ಎಡಕ್ಕೆ ಪೂರ್ತಿ ತಿರುಗಿತು. ಹಲ್ಲಿ ಎರಡು ಸಲ ನುಡಿಯಿತು. ಮನೆಗಳು ವಿರಳವಾದವು, ಎದುರಿಗೆ ಗುಡ್ಡದ ಏರು.

"ಈ ದಾರಿ ಯಾಕಮ್ಮ?"

"ಒಂಚೂರು ಕೆಲಸ ಇದೆ, ಬೇಗ ಮುಗಿಯುತ್ತೆ. ನಾಳೆ ನನ್ನ ಗಾಡಿಗೆ ಟೆಸ್ಟು. ಹೊಸ ಪರೀಕ್ಷಕರು ಬರ್ತಾರಂತೆ, ಹೇಗೋ ಏನೋ. ತುಕ್ಕು ಉದುರಿಸ್ಕೊಂಡು ಬಿಡೋಣ ಅಂತ."

ಏರು ಮುಗಿದು ದಿಬ್ಬ ಬಂತು. ಸಂಜೆಯ ಬೆಳಕಿನಲ್ಲಿ ಕೆಳಗೆ ಹೊಂಡದ ನೀರು ಹಸಿರಾಗಿ, ಅಲೆಯೊಂದೂ ಇಲ್ಲದೆ ಕಾದಿತ್ತು. ತಂತಿ ಬೇಲಿ ಕಿತ್ತುಹೋದ ಜಾಗದಲ್ಲಿ ಇನ್ನೂ ಹೊಸ ಕಂಬ ನೆಟ್ಟಿರಲಿಲ್ಲ. ಬುಡದಲ್ಲಿ ಮೇಕೆಗಳಿರಲಿಲ್ಲ.

ತಂಗಿ ಗೇರಿನ ಗುಂಡಿಯನ್ನು ಒತ್ತಿ ಹಿಡಿದು ತಿರುಗಿಸಿದಳು. ಮೋಟಾರಿನ ಹಿಡಿತ ಬಿಟ್ಟದ್ದು ಮೈಗೇ ಗೊತ್ತಾಯಿತು. ಯಾರೋ ಹಿಡಿದ ಕೈಯನ್ನು ಸಡಿಲಿಸಿದ ಹಾಗೆ. ಗಾಡಿ ತಾನಾಗಿ ಉರುಳತೊಡಗಿತು.

"ಬ್ರೇಕ್ ಚೆನ್ನಾಗಿದೆ ತಾನೇನಮ್ಮ?" ಸರ್ವೇಯರಮ್ಮ ಕೇಳಿದಳು.

"ಅಯ್ಯೋ, ಯಾಕಮ್ಮ ಭಯ?" ತಂಗಿ ಅವಳ ಕಡೆ ತಿರುಗಿ ನಕ್ಕಳು. "ತಕ್ಕಡಿಯಣ್ಣ ಒಂದು ಸಲ ಪಾಸು ಮಾಡಿದ ಬ್ರೇಕಲ್ವಾ ಇದು."

ವಾರವೆಲ್ಲ ತಿರುವಿಗೊಮ್ಮೆ ಬ್ರೇಕನ್ನು ಮೆಟ್ಟುತ್ತಿದ್ದ ಆ ಕಾಲು, ಈಗ ಪೆಡಲ್ಲಿನ ಪಕ್ಕದಲ್ಲಿ ನೆಲದ ಮೇಲೆ ಆರಾಮಾಗಿ ಕೂತಿತ್ತು.